ಮಾರಪ್ಪ ತೋರಿಸದ ಜಾಗ

ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಮರಳು ಜರಡಿ ಹಿಡಿಯುತ್ತಿದ್ದ ಮಾರಪ್ಪ ಮಾತಿಗೆ ಕೂತನೆಂದರೆ ಅದು ಅವನ ಗುಡ್ಡದ ಮಾತೇ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿ ನೀರು ನಿಂತಾಗ ಅವನ ಊರು ತಳ ಸೇರಿತ್ತು. ಊರ ಹಿಂದಿನ ಗುಡ್ಡದ ನೆತ್ತಿ ಮಾತ್ರ ನೀರಿನ ನಡುವೆ ದ್ವೀಪವಾಗಿ ಉಳಿದಿದೆ ಎಂದು ಮೀನು ಹಿಡಿಯುವವರು ಬಂದು ಹೇಳಿದ್ದರು. ನೀರು ನಿಂತ ಮೇಲೆ ಮಾರಪ್ಪ ಅದನ್ನು ಕಂಡವನಲ್ಲ. ಆದರೂ ಕ್ಯಾಂಟೀನಿನ ಬೆಂಚಿನಲ್ಲಿ ಕೂತು, ಕೈಯಲ್ಲಿದ್ದ ಟೀ ಆರಿಹೋಗುವವರೆಗೂ, ಅಲ್ಲಿ ಏನೇನು ನೋಡಬಹುದೆಂದು ಬಣ್ಣಿಸುತ್ತಿದ್ದ. ಆನೆ ಮಲಗಿದಂತೆ ಕಾಣುವ ಬಂಡೆ. ಬೇಸಿಗೆಯಲ್ಲೂ ಬತ್ತದ ಒರತೆ. ಹೆಜ್ಜೇನು ಕಟ್ಟುವ ಕಡಿದಾದ ಅರೆಬಂಡೆ. ನೆತ್ತಿಯ ಹಾಸುಗಲ್ಲಿನ ಮೇಲೆ ಕೂತರೆ ಸೂರ್ಯ ಬೆಟ್ಟಗಳ ಸಂದಿಗೆ ಇಳಿಯುವುದು ಕಾಣುತ್ತದೆ ಎನ್ನುತ್ತಿದ್ದ.

"ಜೋಗ ನೋಡೋಕೆ ಅಷ್ಟು ದೂರ ಹೋಗ್ತೀರಿ. ನನ್ನ ಗುಡ್ಡಕ್ಕೆ ಒಂದ್ಸಲ ಬನ್ನಿ ಸಾಮಿ."

"ನಿನ್ನ ಗುಡ್ಡನಾ? ಸರ್ಕಾರ ನಿನ್ನ ಹೆಸರಿಗೆ ಬರ್ಕೊಟ್ಟಿದ್ಯಾ ಮಾರಾಯ?" ಎಂದು ಟೈಂ ಆಫೀಸಿನ ಗಂಗಾಧರಪ್ಪ ಕಾಲೆಳೆಯುತ್ತಿದ್ದ. "ನೀನು ಅಲ್ಲಿ ಪಾಳೇಗಾರ. ಬರುವಾಗ ಕಪ್ಪ ತರ್ತೀವಿ ಬಿಡು."

ಮಾರಪ್ಪ ನಗುತ್ತಿದ್ದ. ಅವನು ಹೇಳದೆ ಬಿಡುತ್ತಿದ್ದ ಜಾಗ ಒಂದಿತ್ತು. ಅದು ಗೊತ್ತಿದ್ದದ್ದು ಓಲ್ಡ್ ಟೌನಿನಲ್ಲಿ ಅವನ ಬೀದಿಯಲ್ಲೇ ಮನೆ ಮಾಡಿದ್ದ, ಕಾರ್ಖಾನೆಯ ಉಗ್ರಾಣದ ಗುಮಾಸ್ತ ನರಸಿಂಹಮೂರ್ತಿಗೆ ಮಾತ್ರ.

ಊರು ಬಿಡುವ ಸ್ವಲ್ಪ ಮೊದಲು ಮಾರಪ್ಪನ ಹೆಂಡತಿ ಹಾಲಮ್ಮ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಊರವರನ್ನು ಮಣ್ಣು ಮಾಡುವ ಜಾಗ ಹೊಳೆಯ ದಂಡೆಗಿತ್ತು. ಅದು ಮುಳುಗುವುದು ಎಲ್ಲರಿಗೂ ತಿಳಿದಿತ್ತು. ಆದರೂ ಅಣ್ಣ ಚೌಡಪ್ಪ ಅಲ್ಲೇ ಗುಂಡಿ ತೋಡಿಸಿದ್ದ. ಮಾರಪ್ಪ ಒಪ್ಪಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಸರ್ವೆಯವರು ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಹೊಲದ ಬಾಂದುಕಲ್ಲು ನೋಡಿ ಬೆಳೆದವನಿಗೆ ಕಲ್ಲು ನೆಟ್ಟರೆಂದರೆ ಅದೇ ಎಲ್ಲೆ. ನೇಗಿಲು ದಾಟದ ಕಲ್ಲನ್ನು ನೀರೂ ದಾಟುವುದಿಲ್ಲ ಎಂದುಕೊಂಡ.

"ಅಪ್ಪ ಅವ್ವ ಎಲ್ಲ ಇಲ್ಲೇ ಅವ್ರೆ ಕಣೋ. ಅವಳೊಬ್ಬಳನ್ನ ಮೇಲೆ ಯಾಕೆ ಒಂಟಿ ಮಾಡ್ತೀಯ?" ಎಂದ ಚೌಡಪ್ಪ.

"ಅವಳಿಗೆ ನೀರು ಅಂದ್ರೆ ಹೆದರಿಕೆ ಅಣ್ಣ. ಹೊಳೆ ದಾಟೋವಾಗ ನನ್ನ ರಟ್ಟೆ ಬಿಡ್ತಿರಲಿಲ್ಲ."

ಕಲ್ಲಿನ ಸಾಲಿಗಿಂತ ಒಂದಿಷ್ಟು ಮೇಲೆ, ನೆಲ್ಲಿಮರದ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದ. ಮೂರನೆಯ ದಿನ ಹಾಲುತುಪ್ಪ ಬಿಟ್ಟ. ಅಣ್ಣ ಬರಲಿಲ್ಲ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಭದ್ರಾವತಿಗೆ ಬಂದ ಮೇಲೆ ಯಾರೋ ತಿಳಿದವರು ಹೇಳಿದರು: ಅಂಥ ಕಲ್ಲುಗಳನ್ನು ಅಳತೆಯ ಗುರುತಿಗೂ ನೆಡುತ್ತಾರೆ, ನೀರಿನ ಎಲ್ಲೆ ಅದೇ ಆಗಬೇಕೆಂದಿಲ್ಲ. ಆ ಮಾತು ಕೇಳಿದ ದಿನದಿಂದ ಮಾರಪ್ಪನಿಗೆ ನೆಲ್ಲಿಮರದ ಬುಡ ಒಣಗಿದೆಯೋ ಇಲ್ಲವೋ ಎಂಬುದೊಂದೇ ಚಿಂತೆ. ಒಬ್ಬನೇ ಹೋಗಿ ನೋಡುವ ಎದೆ ಅವನಿಗಿರಲಿಲ್ಲ. ಗುಡ್ಡದ ಅಂದಚೆಂದ ಹೇಳಿ ಜನ ಕೂಡಿಸುತ್ತಿದ್ದದ್ದು ಅದಕ್ಕೇ.

ದೀಪಾವಳಿ ಕಳೆದ ಒಂದು ಭಾನುವಾರ ಕೊನೆಗೂ ಎಲ್ಲರೂ ಹೊರಟರು. ಲಕ್ಕವಳ್ಳಿಯವರೆಗೆ ಬಸ್ಸು, ಅಲ್ಲಿಂದ ಹರಿಗೋಲು. ಗಂಗಾಧರಪ್ಪ ಕ್ಯಾಮೆರಾ ತಂದಿದ್ದ, ನರಸಿಂಹಮೂರ್ತಿ ಮನೆಯಿಂದ ಚಿತ್ರಾನ್ನ. ಮಾರಪ್ಪನ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಹಿತ್ತಾಳೆ ಚೊಂಬು.

"ಏನದು, ಪಾಳೇಗಾರ್ರ ಮಜ್ಜಿಗೆಯಾ?" ಎಂದ ಗಂಗಾಧರಪ್ಪ.

"ಹಾಲು," ಎಂದ ಮಾರಪ್ಪ. ಚೊಂಬನ್ನು ತೊಡೆಯ ಮೇಲಿಟ್ಟು ದಾರಿಯುದ್ದಕ್ಕೂ ಹಿಡಿದೇ ಕೂತಿದ್ದ.

ನೀರು ತುಂಬಿ ನಿಂತಿತ್ತು. ದ್ವೀಪ ಅವನು ಹೇಳಿದ್ದಕ್ಕಿಂತ ಚಿಕ್ಕದು. ಒರತೆ ಮುಳುಗಿತ್ತು. ಮಲಗಿದ ಆನೆಯ ಬೆನ್ನಷ್ಟೇ ನೀರ ಮೇಲಿತ್ತು. ಆದರೂ ಹಾಸುಗಲ್ಲಿನ ಮೇಲೆ ನಿಂತವರ ಸುತ್ತ ನೀಲಿ ನೀರು, ಅದರಾಚೆ ಕಾಡು, ಮುಖಕ್ಕೆ ಬಡಿಯುವ ಗಾಳಿ.

"ಸುಳ್ಳು ಹೇಳ್ಲಿಲ್ಲ ಕಣಯ್ಯ ನೀನು," ಎಂದ ಗಂಗಾಧರಪ್ಪ ಕ್ಯಾಮೆರಾ ತೆಗೆಯುತ್ತ. "ಸ್ವರ್ಗ ಇದು."

ಮಾರಪ್ಪ ಆಗಲೇ ಇಳಿಜಾರಿನಲ್ಲಿದ್ದ. ನರಸಿಂಹಮೂರ್ತಿ ಹಿಂದೆಯೇ ಹೋದ. ಕಾಲುಹಾದಿ ನೇರವಾಗಿ ನೀರಿಗೆ ಇಳಿದಿತ್ತು. ದಡದಿಂದ ಆಚೆ, ಎಲೆಯುದುರಿದ ಒಂದು ಮರದ ತುದಿ ನೀರಿನಿಂದ ಎದ್ದಿತ್ತು. ಅದರ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿ ಬಿಸಿಲು ಕಾಯುತ್ತಿತ್ತು.

"ಅದೇನಾ?"

"ಅದೇ ಸಾಮಿ. ಕೊಂಬೆ ಗುರುತು ಸಿಕ್ತದೆ."

ಅವನು ಹರಿಗೋಲಿನವನನ್ನು ಕರೆದು ಮರದವರೆಗೆ ಹೋದ. ಬಿದಿರಿನ ಗಳ ಇಳಿಸಲು ಹೇಳಿದ. ಗಳ ಪೂರ್ತಿ ಇಳಿಯಿತು, ತಳ ಸಿಗಲಿಲ್ಲ. ಮಾರಪ್ಪ ಚೊಂಬಿನ ಬಟ್ಟೆ ಬಿಚ್ಚಿ, ಬಗ್ಗಿ, ಹಾಲು ಬಿಟ್ಟ. ಅದು ಒಂದಿಷ್ಟು ಬೆಳ್ಳಗೆ ಹರಡಿ ಕರಗಿತು. ಖಾಲಿ ಚೊಂಬನ್ನು ಅದೇ ನೀರಲ್ಲಿ ತೊಳೆದುಕೊಂಡ.

ಆಮೇಲೆ ಮೇಲೆ ಬಂದು, ಮಾತು ಕೊಟ್ಟಿದ್ದನಲ್ಲ, ಹೆಜ್ಜೇನಿನ ಅರೆ ತೋರಿಸಿದ, ಸೂರ್ಯ ಇಳಿಯುವ ಸಂದಿ ಯಾವುದೆಂದು ಕೈಮಾಡಿ ಹೇಳಿದ. ಚಿತ್ರಾನ್ನ ಮುಟ್ಟಲಿಲ್ಲ. ಫೋಟೋಕ್ಕೆ ಮಾತ್ರ ನಿಂತ.

"ಬೇಸಿಗೆಗೆ ನೀರು ಇಳಿಯುತ್ತೆ ಮಾರಪ್ಪ. ಆಗ ಬರೋಣ," ಎಂದ ನರಸಿಂಹಮೂರ್ತಿ, ಬಸ್ಸಿನಲ್ಲಿ.

"ಬೇಡಿ ಸಾಮಿ. ಬೇಸಿಗೇಲಿ ಎತ್ತಿ ತೋರಿಸ್ತದೆ, ಮಳೆ ಬಂದ್ಮೇಲೆ ಮತ್ತೆ ಮುಳುಗಿಸ್ತದೆ. ವರ್ಷಾ ವರ್ಷಾ ಅವಳನ್ನ ಎಷ್ಟು ಸಲ ಮುಳುಗಿಸ್ಲಿ?" ಸ್ವಲ್ಪ ದೂರ ಹೋದ ಮೇಲೆ, "ಅಣ್ಣ ಹೇಳಿದಂಗೆ ಕೇಳಿದ್ರೆ ಜೊತೆಗಾದ್ರೂ ಜನ ಇರ್ತಿದ್ರು," ಎಂದ.

ಕ್ಯಾಂಟೀನಿನಲ್ಲಿ ಗುಡ್ಡದ ಮಾತು ನಿಂತಿತು. ಗಂಗಾಧರಪ್ಪ ಒಂದೆರಡು ಸಲ ಕೆಣಕಿ ನೋಡಿ ಬಿಟ್ಟ. ಮುಂದಿನ ಮಳೆಗಾಲದಲ್ಲಿ ಮಾರಪ್ಪ ಜ್ವರ ಹಿಡಿದು ಮಲಗಿದವನು ಏಳಲಿಲ್ಲ. ಔಷಧಿ ಕುಡಿಸಿದರೆ ಕುಡಿಯುತ್ತಿದ್ದ, ಅಷ್ಟೇ.

ಸುದ್ದಿ ಮುಟ್ಟಿ ಚೌಡಪ್ಪ ಬಂದ. ಓಲ್ಡ್ ಟೌನಿನಾಚೆ ಭದ್ರೆಯ ದಂಡೆಯಲ್ಲಿ ತಮ್ಮನನ್ನು ಮಣ್ಣು ಮಾಡಿ, ಮೂರನೆಯ ದಿನ ಹಾಲುತುಪ್ಪ ಬಿಟ್ಟ. ಕೈ ಒರೆಸಿಕೊಳ್ಳುತ್ತ ಕೆಂಪಗೆ ಹರಿಯುತ್ತಿದ್ದ ಹೊಳೆಯನ್ನು ನೋಡಿದ. ನರಸಿಂಹಮೂರ್ತಿಯ ಕಡೆ ತಿರುಗಿದ.

"ಇಲ್ಲಿಗಂಟ ನೀರು ಬರಲ್ಲ ಅಲ್ವಾ ಸಾಮಿ?"

ಹಿಂದಿನ ವರ್ಷ ಬಂದಿತ್ತು. ನರಸಿಂಹಮೂರ್ತಿ ಹೇಳಲಿಲ್ಲ.