ಸುಳ್ಳು ಕುಂಟು

ಕೊಣ್ಣೂರಿನ ನಮ್ಮ ಓಣಿಯ ಅಂಗನವಾಡಿ ಅಕ್ಕೋರು ಮಕ್ಕಳಿಗೆ ಏನನ್ನಾದರೂ ತೋರಿಸುವ ಮೊದಲು, ಸದ್ದಾಗದಂತೆ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಳ್ಳುತ್ತಿದ್ದರು. “ಮುಟ್ಟಬ್ಯಾಡ್ರಿ, ಬರೇ ನೋಡ್ರಿ,” ಎನ್ನುವುದು ಅವರ ಮಾತು. ಮಗಳನ್ನು ಕರೆತರಲು ಹೋದಾಗ ನಾನೂ ಅವರ ಹಿಂದೆ ನಿಂತು ನೋಡುತ್ತಿದ್ದೆ.

ಒಮ್ಮೆ ಬಾಜೂ ಹೊಲದ ಟಿಟ್ಟಿಭ ಹಕ್ಕಿಯನ್ನು ತೋರಿಸಿದರು. ಕಬ್ಬು ಕಡಿದ ಹೊಲದ ತುಂಬ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಹರಡಿತ್ತು. ಅದರ ನಡುವೆ ಬರೀ ನೆಲದ ಮೇಲೆ ಹಕ್ಕಿ ಮೊಟ್ಟೆಯಿಟ್ಟಿತ್ತು. ನಾವು ಹತ್ತಿರ ಹೋದೊಡನೆ ಅದು ಮುರಿದ ರೆಕ್ಕೆ ಎಳೆಯುವಂತೆ ಕುಂಟುತ್ತ ದೂರ ಸರಿಯಿತು.

“ಸುಳ್ಳ ಕುಂಟಾಕತ್ತೈತಿ. ನಾವು ಅದರ ಬೆನ್ನ ಹತ್ತಿದ್ರ ತತ್ತಿ ಉಳೀತಾವಲ್ಲ!” ಎಂದರು ಅಕ್ಕೋರು.

ಮರಿ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟರು. ಹೊಲದವರಿಗೂ ಹೇಳಿದರು: “ಕಾಕಾ, ಮರಿ ಆಗೂತನಕ ರವದಿ ಸುಡಬ್ಯಾಡ್ರಿ.”

“ಆತ ಬಿಡ್ರಿ ಅಕ್ಕೋರ.”

ಅದೇ ವಾರ ಹೊಲದ ಕಾಕಾ ರವದಿಗೆ ಬೆಂಕಿ ಹಚ್ಚಿದರು. ಹಕ್ಕಿ ಬೆಂಕಿಯ ಮುಂದೆಯೂ ರೆಕ್ಕೆ ಎಳೆಯುತ್ತ ಕುಂಟಿತು. ಬೆಂಕಿ ಅದರ ಬೆನ್ನು ಹತ್ತಲಿಲ್ಲ. ಕಿಟಕಿಗೆ ಜೋತುಬಿದ್ದ ಮಕ್ಕಳು ಕೇಕೆ ಹಾಕಿ ನಕ್ಕರು: “ಅಕ್ಕೋರ, ಮತ್ತ ಸುಳ್ಳ ಕುಂಟಾಕತ್ತೈತ್ರೀ!”

ಅಕ್ಕೋರು ಹೊರಗೆ ಓಡಿದರು. “ಆತ ಅಂದಿದ್ರೆಲ್ರಿ ಕಾಕಾ?”

“ನಾಳಿ ಟ್ರ್ಯಾಕ್ಟರ್ ಬರತೈತ್ರಿ. ನಾಕ ತತ್ತಿ ಸಲುವಾಗಿ ಹೊಲ ಹಂಗ ಬಿಡ್ಲೇನು?”

ಮರುದಿನ ಮಕ್ಕಳು ಮರಿ ತೋರಿಸಿರೆಂದು ಹಟ ಹಿಡಿದರು. ಅಕ್ಕೋರು ಕಿಟಕಿ ಮುಚ್ಚಿ, ಗೋಡೆಯ ಪಟದಲ್ಲಿದ್ದ ಆನೆ, ಒಂಟೆಗಳ ಹೆಸರು ಹೇಳಿಸತೊಡಗಿದರು.