ಒಂಟಿ ಮಂಚದ ಮನೆ

ಅಕ್ಕ ಮೊದಲ ಸಲ ಕಟ್ಟಿದ ನಾಲ್ಕು ಮನೆಗಳಿಗೆ ಸೇರಿ ಒಂದೇ ಪಾಯಖಾನೆ ಇತ್ತು. ಅಂಗಳದ ನಡುವೆ ಹೂವಿನ ಗಿಡ, ಗಿಡಗಳ ಆಚೆ ಪಾಯಖಾನೆ. ದಾಂಡೇಲಿಯಲ್ಲಿ ನಾವಿದ್ದ ಚಾಳೂ ಹಾಗೆಯೇ ಇದ್ದುದರಿಂದ ಅದರಲ್ಲಿ ನಮಗೆ ತಪ್ಪೇನೂ ಕಾಣಲಿಲ್ಲ. ಆದರೆ ಕಂಪ್ಯೂಟರ್ ಆಟದೊಳಗಿನ ಮಂದಿಗೆ ಸರದಿ ನಿಲ್ಲುವುದು ಗೊತ್ತಿರಲಿಲ್ಲ. ಒಬ್ಬರು ಒಳಗೆ ಹೋದರೆ ಉಳಿದವರು ಬಾಗಿಲ ಮುಂದೆ ಕಾಲು ಕುಣಿಸುತ್ತ, ತಮ್ಮದೇ ಏನೋ ಭಾಷೆಯಲ್ಲಿ ಕೂಗಾಡಿ, ಕಡೆಗೆ ನಿಂತಲ್ಲೇ ಒದ್ದೆ ಮಾಡಿಕೊಂಡು ಮುಖ ಮುಚ್ಚಿ ಅಳುತ್ತಿದ್ದರು. ಅಕ್ಕ ನಕ್ಕು ನಕ್ಕು ಎದೆ ಹಿಡಿದುಕೊಂಡಳು. ನಾನು ಹೆದರಿ ನೀರು ತಂದೆ. ಆ ಎದೆಗೆ ಅಷ್ಟು ನಗುವೂ ಆಗಿಬರುತ್ತಿರಲಿಲ್ಲ.

"ಇವರನ್ನ ತಂದು ನಮ್ಮ ಚಾಳಿನಾಗ ಒಂದ ವಾರ ಇಡಬೇಕ ನೋಡು," ಅಂದಳು. "ಭೋಂಗಾ ಹೊಡಿಯೂದ್ರಾಗ ತಂಬಿಗಿ ಹಿಡಕೊಂಡು ಪಾಳಿ ನಿಲ್ಲೂದು ಕಲೀತಾರ."

ಭೋಂಗಾ ಎಂದರೆ ಕಾಗದದ ಮಿಲ್ಲಿನ ಸೈರನ್. ನಾವು ಏಳುವುದು, ಉಣ್ಣುವುದು ಎಲ್ಲ ಅದನ್ನು ಕೇಳಿಯೇ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವರು, ಆ ಮಿಲ್ಲಿನಲ್ಲಿ ಕಾಗದ ಕತ್ತರಿಸುವ ಮಷಿನ್ನಿನ ಮೇಲಿದ್ದರು. ಧಾರವಾಡದ ಕಡೆಯವರು. ಹೆರಿಗೆಯಾದ ಮೇಲೆ ಅಕ್ಕನ ಎದೆಯ ಕವಾಟ ಕೆಟ್ಟಿದೆ, ನೀರಿನ ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಹೀಗಾಗಿ ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಪ್ಪ ಮುಂಡಗೋಡ ತಾಲೂಕಿನ ಸನವಳ್ಳಿಯಿಂದ ಕರೆತಂದು ಅಕ್ಕನ ಮನೆಯಲ್ಲಿ ಬಿಟ್ಟುಹೋದ. ಆಗ ಎರಡು ಸಾವಿರದ ಇಸವಿ ದಾಟಿ ನಾಲ್ಕು ವರ್ಷವಾಗಿತ್ತು. ಎರಡು ಖೋಲಿಯ ಮನೆ. ಅಕ್ಕ, ಮಾಮಾ, ಮಾಮಾನ ತಾಯಿ, ಎರಡು ವರ್ಷದ ಕೂಸು, ಐದನೆಯವಳು ನಾನು.

ಕಂಪ್ಯೂಟರು ಹಳೆಯದು. ಮಾಮಾನ ಪರಿಚಯದವರು ಹೊಸದು ಕೊಂಡಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದರು. ನಾನು ಟೈಪಿಂಗ್ ಕಲಿಯಲಿ ಎಂದು ತಂದದ್ದು. ಆಟದ ಸಿ.ಡಿ. ನನ್ನ ಟೈಪಿಂಗ್ ಕ್ಲಾಸಿನ ಗೆಳತಿಯದು. ಒಂದು ಖಾಲಿ ಜಾಗ, ಕೈಯಲ್ಲಿ ಇಂತಿಷ್ಟು ರೊಕ್ಕ. ಗೋಡೆ ಎಳೆಯಬೇಕು, ಬಾಗಿಲು ಕೂರಿಸಬೇಕು, ಮಂಚ ಒಲೆ ಇಡಬೇಕು, ಮಂದಿಯನ್ನು ತಂದು ಇರಿಸಬೇಕು. ಆಮೇಲೆ ಅವರು ತಾವೇ ಉಂಡು, ಮಲಗಿ, ಜಗಳಾಡಿ ಬದುಕುತ್ತಾರೆ. ಇಂಗ್ಲಿಷು ನಮಗಿಬ್ಬರಿಗೂ ಅಷ್ಟಕ್ಕಷ್ಟೆ. ಚಿತ್ರ ನೋಡಿ ಕಲಿತೆವು.

ಗೆಳತಿ ಬಂಗಲೆ ಕಟ್ಟುತ್ತಿದ್ದಳು. ಏನೋ ಅಕ್ಷರ ಒತ್ತಿ ರೊಕ್ಕ ಬೆಳೆಸಿಕೊಳ್ಳುವ ಕಳ್ಳದಾರಿ ಅವಳಿಗೆ ಗೊತ್ತಿತ್ತು. ಅಕ್ಕನಿಗೂ ಹೇಳಿಕೊಡಲು ಬಂದಳು. ಅಕ್ಕ ಬೇಡವೆಂದಳು. ಕೊಟ್ಟಷ್ಟು ರೊಕ್ಕದಲ್ಲಿ, ಒಂದೇ ಜಾಗದಲ್ಲಿ ನಾಲ್ಕು ಮನೆ ಏಳಬೇಕು, ನಡುವೆ ಹೂವಿನ ತೋಟ ಇರಬೇಕು, ಅದೇ ಅವಳ ಹಟ. ಮಧ್ಯಾಹ್ನ ಕೂಸು ಮಲಗಿದ ಮೇಲೆ, ದಿಂಬಿಗೆ ಒರಗಿಕೊಂಡು ಅವಳು ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪರದೆಯ ಮೇಲೆ ಯಾವ ಚಿತ್ರ ಒತ್ತಿದರೆ ಏನು ಕೊಳ್ಳಬಹುದೆಂದು ಹೇಳುತ್ತಿದ್ದೆ.

ಒಂದು ಸಲ ನಾನೇ ಕಟ್ಟಿದೆ. ಒಲೆ ಕೊಳ್ಳುವ ಆಸೆಗೆ ಒಳಗಿನ ಬಾಗಿಲುಗಳನ್ನು ಹಾಕದೆ ಗೋಡೆಯಲ್ಲಿ ಸಂದು ಬಿಟ್ಟೆ. ಅವರೆಲ್ಲ ಒಬ್ಬರ ಖೋಲಿಯಲ್ಲಿ ಇನ್ನೊಬ್ಬರು ಹಾಯ್ದು, ಮಲಗಿದವರನ್ನು ಎಬ್ಬಿಸಿ, ಎರಡು ದಿನದಲ್ಲಿ ಕೈಕೈ ಮಿಲಾಯಿಸಿದರು. ಅಕ್ಕ ನನ್ನ ಒಲೆಯನ್ನು ಮಾರಿ ಬಾಗಿಲು ತಂದಳು.

"ಮೊದಲ ಬಾಗ್ಲಾ, ಆಮ್ಯಾಲೆ ಮಂಚಾ. ಉಳದದ್ದು ಇದ್ರ ಇತ್ತು, ಇಲ್ಲಂದ್ರ ಇಲ್ಲ," ಅಂದಳು.

ಮದುವೆಯಾದ ಹೊಸತರಲ್ಲಿ ಅವಳ ಹಾಸಿಗೆ ಅಡಿಗೆಯ ಖೋಲಿಯಲ್ಲಿತ್ತು, ಬಾಗಿಲಿನ ಜಾಗದಲ್ಲಿ ಒಂದು ಹಳೆಯ ಸೀರೆ ಕಟ್ಟಿತ್ತು. ಅದರ ಬಗ್ಗೆ ಅವಳು ದೂರಿದ್ದನ್ನು ನಾನು ಕೇಳಿಲ್ಲ. ಆಟದಲ್ಲಿ ಮಾತ್ರ ಬಾಗಿಲಿನ ವಿಷಯ ಬಂದರೆ ಯಾರ ಮಾತೂ ಕೇಳುತ್ತಿರಲಿಲ್ಲ.

ಪಾಯಖಾನೆಯ ಅವಾಂತರವಾದ ಮೇಲೆ ನಾಲ್ಕೂ ಮನೆಗೆ ಬೇರೆ ಬೇರೆ ಹಾಕಿ ಹೊಸದಾಗಿ ಕಟ್ಟಿದಳು. ಒಂದು ಮನೆ ಅವಳದು, ಮಾಮಾನದು, ಕೂಸಿನದು. ಒಂದು ಅವಳ ಅತ್ತೆಯದು. ಒಂದು ನಮ್ಮ ಅವ್ವನದು. ಅಪ್ಪನಿಗೆಲ್ಲಿ ಎಂದು ಕೇಳಿದರೆ, ಬೇಕಾದರೆ ಅವ್ವನ ಕದ ಬಡಿದು ಒಳಗೆ ಬರಲಿ ಎಂದಳು.

ಅತ್ತೆ ಚಾಳೀಸು ಕನ್ನಡಕ ಏರಿಸಿಕೊಂಡು ಬಂದು ತನ್ನ ಮನೆ ಯಾವುದೆಂದು ನೋಡಿದರು. ತೋಟದ ಆಚೆ ಬದಿಗಿತ್ತು.

"ನನ್ನ ಮನಿ ಅಷ್ಟ ದೂರ ಯಾಕವಾ? ಸತ್ರ ವಾಸನಿ ಬರಬಾರದಂತೇನು?"

"ದೂರ ಅಲ್ರಿ ಅತ್ತಿ. ನಿಮ್ಮ ಕಿಡಕ್ಯಾಗಿಂದ ನನ್ನ ಅಡಗಿಮನಿ ಕಾಣತೈತಿ. ಅಲ್ಲೇ ಕುಂತು ಬೈಬಹುದು."

ಅತ್ತೆಗೆ ಅದು ಹಿಡಿಸಿತು. ಆಮೇಲೆ ದಿನವೂ, ಆಟದಲ್ಲಿ ತಾನು ಇವತ್ತು ಉಂಡೆನೋ ಇಲ್ಲವೋ, ಯಾರ ಜೊತೆ ಜಗಳವಾಡಿದೆ ಎಂದು ವಿಚಾರಿಸುತ್ತಿದ್ದರು.

ತೋಟ ಎಲ್ಲರದು. ಅದರಲ್ಲಿದ್ದವೆಲ್ಲ ಪರದೇಶದ ಹೂಗಳು. ಕೇಸರಿ ಬಣ್ಣದ ಒಂದನ್ನು ಅಕ್ಕ ಅಬ್ಬಲಿಗೆ ಎಂದು ಕರೆದಳು, ಅದು ಅಬ್ಬಲಿಗೆಯೇ ಆಯಿತು. ನೀರು ಹಾಕದಿದ್ದರೆ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಯಾರು ಖಾಲಿ ಇದ್ದಾರೋ ಅವರು ಹಾಕಬೇಕು. ಆಟದೊಳಗಿನ ಅತ್ತೆ ಒಂದು ದಿನವೂ ಹಾಕಲಿಲ್ಲ.

ನಾಲ್ಕನೆಯದು ನನ್ನ ಮನೆ, ಎಲ್ಲಕ್ಕಿಂತ ಸಣ್ಣದು. ಒಂದು ಬಾಗಿಲು, ಒಂದು ಕಿಟಕಿ, ಒಬ್ಬರು ಮಲಗುವ ಮಂಚ, ಓದುವ ಮೇಜು. ಇಷ್ಟು ಸಣ್ಣದೇಕೆ ಎಂದು ನಾನು ಮುಖ ಸಣ್ಣ ಮಾಡಿದೆ. ಅಕ್ಕ ಪರದೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು:

"ಸಣ್ಣದ ಇರ್ಲಿ. ಯಾರೂ ಬಂದು ನಾನೂ ಇಲ್ಲೇ ಇರ್ತೇನಿ ಅನ್ನೂದಿಲ್ಲ."

ಮರುವರ್ಷದ ಮಳೆಗಾಲದಲ್ಲಿ ಅಕ್ಕ ಹೋದಳು. ಹುಬ್ಬಳ್ಳಿಗೆ ಒಯ್ಯುವಾಗ, ಹಳಿಯಾಳ ದಾಟಿದ ಮೇಲೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಒಂದು ತಿಂಗಳು ನಾನು ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆ ತೆಗೆಯಲಿಲ್ಲ. ಅಷ್ಟರಲ್ಲಿ ಚಾಳಿನ ಅಂಗಳದಲ್ಲಿ ಅಕ್ಕ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿದ್ದ ಗಿಡಗಳು ನೀರು ನಿಂತು ಕೊಳೆತಿದ್ದವು. ಕಡೆಗೆ ಒಂದು ಮಧ್ಯಾಹ್ನ ಆಟ ತೆರೆದೆ. ನಾವು ಬಿಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ಒಂದು ಹೂವೂ ಬಾಡಿರಲಿಲ್ಲ. ಅಕ್ಕನ ಗೊಂಬೆ ನೀರಿನ ಝಾರಿ ಹಿಡಿದು ಅಬ್ಬಲಿಗೆಯ ಮುಂದೆ ನಿಂತಿತ್ತು. ನನಗೆ ಸಮಾಧಾನವೇನೂ ಆಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲು ಬರುವಂತಿರಲಿಲ್ಲ.

ಇಂಥವರ ಮೇಲೆ ಎಂದು ಹೇಳಲು ಬರುವಂಥ ಸಿಟ್ಟು ಆ ವಾರವೇ ಬಂತು. ತಿಂಗಳ ಕಾರ್ಯ ಮುಗಿದ ಮರುದಿನ ಅಪ್ಪ, ಅವ್ವ, ಅಪ್ಪನ ತಮ್ಮ ಕಾಕಾ ಮೂವರೂ ಮುಂದಿನ ಖೋಲಿಯಲ್ಲಿ ಮಾಮಾ ಮತ್ತು ಅತ್ತೆಯ ಎದುರು ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಮಾತಾಡಿದರು. ಅಕ್ಕ ಸತ್ತರೆ ತಂಗಿಯನ್ನು ಆ ಜಾಗಕ್ಕೆ ಕೊಡುವುದು ನಮ್ಮ ಕಡೆ ಹೊಸತಲ್ಲ. ಕೂಸಿಗೆ ಹೊರಗಿನವಳು ತಾಯಿಯಾಗಿ ಬರುವುದು ತಪ್ಪುತ್ತದೆ, ಗಂಡಸಿನ ಸಂಸಾರ ಒಡೆಯುವುದಿಲ್ಲ, ಹುಡುಗಿಗೆ ವರ ಹುಡುಕುವ ತಿರುಗಾಟ ಉಳಿಯುತ್ತದೆ ಎಂದು ಕಾಕಾ ಬಿಡಿಸಿ ಹೇಳಿದ. ಒಪ್ಪದಿದ್ದರೆ ನಾನು ಅವರ ಜೊತೆಯಲ್ಲೇ ಸನವಳ್ಳಿಗೆ ಹೊರಡಬೇಕು. ಹೆಂಡತಿ ಇಲ್ಲದವನ ಮನೆಯಲ್ಲಿ ಬೆಳೆದ ಹುಡುಗಿ ಇರುವುದು ಚೆನ್ನಾಗಿ ಕಾಣುವುದಿಲ್ಲ. ಕೂಸು ಇಲ್ಲೇ ಇರುತ್ತದೆ.

ಅವ್ವ ಒಳಗೆ ಬಂದು ಅಕ್ಕನ ಎರಡು ಸೀರೆಗಳನ್ನು ನನ್ನ ಪಕ್ಕ ಇಟ್ಟುಹೋದಳು. ಗಾಳಿಗೆ ಹಾಕಿ ಮಡಚಿದ್ದಳು.

ಮಾಮಾ ನೆಲ ನೋಡುತ್ತ ಕೂತಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಅವರು ಕೆಟ್ಟವರಲ್ಲ. ಕೂಸು ನನ್ನ ಜಡೆ ಹಿಡಿದುಕೊಳ್ಳದೆ ಮಲಗುತ್ತಿರಲಿಲ್ಲ. ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವೂ ಇಲ್ಲವೆಂದು ಎಲ್ಲರೂ ನಂಬಿದ್ದರು.

ಹಿಟ್ಟಿನ ಕೈ ತೊಳೆದುಕೊಂಡು ಮುಂದಿನ ಖೋಲಿಗೆ ಬಂದು ಕಂಪ್ಯೂಟರು ಹಚ್ಚಿದೆ. ಅದು ಶುರುವಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಟೈಪಿಂಗ್ ಆಮೇಲೆ ಮಾಡು, ಕೂತುಕೊಂಡು ಮಾತು ಕೇಳು ಎಂದು ಕಾಕಾ ಗದರಿದ. ಮನೆಗಳು ಮೂಡಿದ ಮೇಲೆ, ಬಂದು ನೋಡಿರೆಂದು ಕರೆದೆ.

ಕಾಕಾ ಊರಲ್ಲಿ ಮನೆ ಕಟ್ಟಿಸುವವರಿಗೆ ವಾಸ್ತುವಿನ ಆಯ ಅಳೆದುಕೊಡುತ್ತಿದ್ದವನು. ಮನೆಯ ನಕ್ಷೆ ಕಂಡರೆ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಎದ್ದು ಬಂದ. ಇದು ಅಕ್ಕ ಕಟ್ಟಿದ್ದು ಎಂದೆ. ಒಂದೊಂದೇ ಯಾರದೆಂದು ತೋರಿಸಿದೆ. ಅವ್ವನ ಮನೆಯ ಬಾಗಿಲು ದಕ್ಷಿಣಕ್ಕಿದೆ ಎಂದು ತಪ್ಪು ಹಿಡಿದ. ಕಡೆಯ ಮನೆಗೆ ಬಂದಾಗ ಬಗ್ಗಿ ನೋಡಿದ.

"ಇದ್ರಾಗ ಒಬ್ಬರ ಮಲಗೂ ಮಂಚ ಐತಲ್ಲ?"

"ಹೌದ್ ಕಾಕಾ. ಅದು ನನ್ನ ಮನಿ. ಅಕ್ಕನ ಹಾಕ್ಯಾಳ ಮಂಚಾನೂ."

ನಾನು ಹೆಚ್ಚು ಮಾತಿನವಳಲ್ಲ. ಆದರೆ ಅಷ್ಟು ಹೊತ್ತು ರೊಟ್ಟಿ ಬಡಿಯುತ್ತ ಕೂಡಿಸಿಟ್ಟುಕೊಂಡಿದ್ದೆ.

"ನಾ ಮದಿವಿ ಆಗೂದಿಲ್ಲ. ಊರಿಗೂ ಬರೂದಿಲ್ಲ. ಎದುರಿನ ಕಟಗಿ ಖೋಲ್ಯಾಗ ಇರ್ತೇನಿ. ಕೂಸು ಎರಡೂ ಮನ್ಯಾಗ ಬೆಳೀಲಿ. ಅಂಗಳ ಒಂದ ಇರ್ಲಿ, ಬಾಗ್ಲಾ ಬ್ಯಾರೆ ಇರ್ಲಿ."

ಎದುರಿನ ಖೋಲಿ ಚಾಳಿನವರು ಸೌದೆ ಒಟ್ಟುವ ಜಾಗ. ಹೆಂಚು ಇತ್ತು, ಬಾಗಿಲು ಇರಲಿಲ್ಲ. ಅಪ್ಪ ತಲೆ ಎತ್ತಿದ.

"ಗೊಂಬಿ ಆಟಾ ತೋರಿಸಿ ನನಗ ಬುದ್ಧಿ ಹೇಳ್ತಿ?"

"ಗೊಂಬಿ ಆಟಾ ಅಲ್ಲಪಾ. ಅಕ್ಕ ಹೇಳಿಹೋಗಿದ್ದು."

ಅಕ್ಕ ನಿಜವಾಗಿ ಅದನ್ನೇ ಹೇಳಿದ್ದಳೋ, ರೊಕ್ಕ ಸಾಲದ್ದಕ್ಕೆ ಮನೆ ಸಣ್ಣದು ಮಾಡಿ ನನ್ನನ್ನು ಸಮಾಧಾನಪಡಿಸಿದ್ದಳೋ, ಇಂದಿಗೂ ನನಗೆ ತಿಳಿಯದು. ತಿಳಿಯದೆಯೇ ಅಂದೆ. ಮತ್ತೊಮ್ಮೆ ಅನ್ನಬೇಕಾಗಿ ಬಂದರೂ ಅನ್ನುತ್ತೇನೆ.

ನಾಳೆ ಮಾಮಾ ಬೇರೊಬ್ಬಳನ್ನು ಕಟ್ಟಿಕೊಂಡು ತಂದರೆ ಕೂಸಿನ ಗತಿ ಏನೆಂದು ಕಾಕಾ ಕೇಳಿದ. ತರಲಿ, ಕೂಸಿಗೆ ಎದುರಿನ ಬಾಗಿಲು ತೆರೆದಿರುತ್ತದೆ ಎಂದೆ. ಅಪ್ಪ ಎದ್ದು ಚಪ್ಪಲಿ ಮೆಟ್ಟಿದ. ಈ ಹೊಸ್ತಿಲಿಗೆ ಮತ್ತೆ ಕಾಲಿಡುವುದಿಲ್ಲ ಎಂದ. ಬಸ್ ಸ್ಟ್ಯಾಂಡಿನವರೆಗೆ ನಾನು ಕೂಸನ್ನೆತ್ತಿಕೊಂಡು ಅವರ ಹಿಂದೆ ನಡೆದೆ. ಅಪ್ಪ, ಕಾಕಾ ಬಸ್ಸು ಹತ್ತಿದರು. ಅವ್ವ ಮೆಟ್ಟಿಲ ಹತ್ತಿರ ನಿಂತು, ಅವರಿಗೆ ಕೇಳಿಸದಂತೆ ಕೇಳಿದಳು:

"ಆ ಆಟದಾಗ ನಂದೂ ಮನಿ ಬ್ಯಾರೆ ಇತ್ತಲ್ಲ. ನಡುವ ಹಾಯೂವಂಗಿಲ್ಲ ಹೌದಿಲ್ಲೋ, ಯಾರೂ?"

"ಇಲ್ಲವ್ವಾ. ಕದಾ ಬಡದ ಬರಬೇಕು."

ಅವ್ವ ಬಸ್ಸು ಹತ್ತಿದಳು. ಸೀರೆಗಳು ನನ್ನ ಹತ್ತಿರವೇ ಉಳಿದವು.

ಮರುದಿನ ಮಾಮಾ ಮೊದಲ ಪಾಳಿ ಮುಗಿಸಿ ಬಂದವರು ಉಣ್ಣಲು ಕೂರಲಿಲ್ಲ. ಚಾಳಿನ ಮಾಲಕರ ಹತ್ತಿರ ಹೋಗಿ ಬಂದು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮಳೆಯಲ್ಲೇ ಎದುರಿನ ಖೋಲಿಯಿಂದ ಸೌದೆ ಹೊರಗೆ ಹಾಕತೊಡಗಿದರು. ನನ್ನ ಕಡೆ ನೋಡಲಿಲ್ಲ. ಇನ್ನು ಸೌದೆ ಎಲ್ಲಿ ಒಟ್ಟಬೇಕು, ತನ್ನ ತಲೆಯ ಮೇಲೋ ಎಂದು ಅತ್ತೆ ಸಂಜೆಯವರೆಗೆ ಗೊಣಗಿದರು. ಗೊಣಗುತ್ತಲೇ ಖೋಲಿಯ ನೆಲ ಸಾರಿಸಿದರು.

ನಳದ ಹತ್ತಿರ ಮಾತು ಬೆಳೆಯಿತು. ತಾಳಿ ಇಲ್ಲದೆ ಸಂಸಾರ ನಡೆಸುವುದು ಸಸ್ತಾ ಎಂದು ಒಬ್ಬಳು ನನಗೆ ಕೇಳಿಸುವಂತೆಯೇ ಅಂದಳು. ನಾನು ಕೊಡ ಹಿಡಿದು ಪಾಳಿಯಲ್ಲಿ ನಿಂತೆ. ನನ್ನ ಪಾಳಿ ಬಂದಾಗ ತುಂಬಿಕೊಂಡು ಬಂದೆ. ಮರುದಿನವೂ ನಿಂತೆ. ಮಾತಾಡುವವರು ದಣಿಯುವವರೆಗೆ ನಿಲ್ಲುವುದೆಂದು ನಿರ್ಧರಿಸಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಾಗಿಲಿನ ಜಾಗಕ್ಕೆ ಪತ್ರೆ ತಗಡು ಆನಿಸಿಕೊಂಡು ಮೂರು ತಿಂಗಳು ಕಳೆದೆ. ಸೀರೆ ಕಟ್ಟಲಿಲ್ಲ. ನಾಲ್ಕನೆಯ ತಿಂಗಳು ಹಳಿಯಾಳಕ್ಕೆ ಹೋಗಿ, ಕೆಡವಿದ ಮನೆಗಳ ಕಟ್ಟಿಗೆ ಮಾರುವವನ ಹತ್ತಿರ ಒಂದು ಬಾಗಿಲು ಕೊಂಡೆ. ಸಾಗವಾನಿಯದು, ಚೌಕಟ್ಟಿನ ಸಮೇತ, ದಪ್ಪ ಚಿಲಕ. ಅಳತೆ ಒಯ್ದಿರಲಿಲ್ಲ. ಆಟದಲ್ಲಿ ಯಾವ ಬಾಗಿಲಾದರೂ ಯಾವ ಗೋಡೆಗೂ ಕೂರುತ್ತಿತ್ತು. ಟೆಂಪೋದಿಂದ ಇಳಿಸಿ ನಿಲ್ಲಿಸಿದರೆ ಖೋಲಿಯ ಸಂದಿಗಿಂತ ಒಂದು ಮೊಳ ಹೆಚ್ಚು ಅಗಲ, ಎತ್ತರವೂ ಅಷ್ಟೇ ಹೆಚ್ಚು.

ಮನೆ ಕಟ್ಟುವ ಗೌಂಡಿ ನೋಡಿ ನಕ್ಕ. ಎರಡೂ ಬದಿ ಕೊಯ್ದುಬಿಟ್ಟರೆ ಅರ್ಧ ದಿನದ ಕೆಲಸ ಎಂದು ಮಾಮಾನ ಕಡೆ ತಿರುಗಿ ಹೇಳಿದ. ಮಾಮಾ ಅಕ್ಕನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಮನಿ ಆಕೀದೈತಿ. ಆಕೀನ್ನ ಕೇಳ್ರಿ," ಅಂದರು.

ಗೌಂಡಿ ನನ್ನ ಕಡೆ ನೋಡಿದ.

"ಬಾಗ್ಲಾ ಕೊಯ್ಯೂದ ಬ್ಯಾಡ," ಅಂದೆ. "ಗ್ವಾಡಿ ಒಡೀರಿ."

ಅವನು ಇನ್ನೊಮ್ಮೆ ಮಾಮಾನನ್ನು ನೋಡಿ ಹಾರೆ ಎತ್ತಿದ. ಮೊದಲ ಇಟ್ಟಿಗೆ ಬಿದ್ದಾಗ ಅತ್ತೆ ತಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡರು.

"ಆನಿ ಹಾಯೂವಂಥಾ ಬಾಗ್ಲಾ, ಒಳಗ ನೋಡಿದ್ರ ಒಂದ ಮಂಚಾ," ಅಂದರು.

"ಹೌದ್ರಿ ಅತ್ತಿ," ಅಂದೆ. "ಒಂದ."