ಒಂದು ನಿಮಿಷ ಮುಂಚೆ

ನಾಶಿಕ್‌ನ ಆ ಕಾರು ರ‍್ಯಾಲಿಗೆ ಹೊರಡುವ ಹೊತ್ತಿಗೇ ನನಗೆ ಸಾಕುಸಾಕಾಗಿತ್ತು. ಐವತ್ತು ದಾಟಿದ ಬ್ಯಾಂಕ್ ನೌಕರ ಹೆಲ್ಮೆಟ್ ಹಾಕಿಕೊಂಡು ಜಲ್ಲಿ ರಸ್ತೆಯ ಧೂಳು ಕುಡಿಯುವುದು ಯಾವ ಕರ್ಮ? ಧಾರವಾಡದಿಂದ ಸಂಭಾಜಿನಗರಕ್ಕೆ ವರ್ಗವಾಗಿ ಬಂದ ವರ್ಷ, ನಾನು ದಿನಾ ಉಣ್ಣುತ್ತಿದ್ದ ಉಡುಪಿ ಹೋಟೆಲಿನ ಯಜಮಾನರು "ಮ್ಯಾನೇಜರ್ರೇ, ನಿಮಗೆ ಲೆಕ್ಕ ಬರ್ತದಲ್ಲ, ಬನ್ನಿ" ಎಂದು ತಮ್ಮ ಕಾರಿನ ಎಡಗಡೆ ಕೂರಿಸಿದರು. ಬೇಡ ಅನ್ನಲು ಸಂಕೋಚಪಟ್ಟು ಆರು ವರ್ಷ ಕೂತೆ.

ಅವರು ಓಡಿಸುವುದು, ನಾನು ಓದುವುದು. ಮೊದಲೇ ರಸ್ತೆ ನೋಡಿ ಬರೆದಿಟ್ಟ ತಿರುವುಗಳನ್ನು ನಾನು ಕೂಗಬೇಕು. ಕಣ್ಣಿಗೆ ಕಾಣದ ತಿರುವಿನಲ್ಲಿ ನನ್ನ ಮಾತು ನಂಬಿ ಅವರು ಸ್ಟೀರಿಂಗ್ ತಿರುಗಿಸಬೇಕು. ಊರಿನ ರಸ್ತೆಯಲ್ಲೂ ಅದೇ ರೂಢಿಯಾಗಿತ್ತು.

ಆ ಸಲ ಹೊರದೇಶದ ಕಾರುಗಳೂ ಬಂದಿದ್ದವು. ಕೊನೆಯ ಹಂತ ಉಳಿದಾಗ ನಮ್ಮ ಗುಂಪಿನಲ್ಲಿ ನಾವು ಮೂರನೆಯವರು, ಹಿಂದಿನವರಿಗಿಂತ ಅರ್ಧ ನಿಮಿಷ ಮುಂದೆ. ಮೂರನೆಯವರಿಗೂ ಕಪ್ ಇತ್ತು. ಅದುವರೆಗೆ ಒಂದೂ ಗೆದ್ದಿರದ ಯಜಮಾನರು ಹೋಟೆಲಿನ ಗಲ್ಲೆಯ ಹಿಂದೆ ದೇವರ ಪಟಗಳನ್ನು ಸರಿಸಿ ಅದಕ್ಕೆ ಜಾಗ ಮಾಡಿಟ್ಟೇ ಬಂದಿದ್ದರು.

ರ‍್ಯಾಲಿಯಲ್ಲಿ ಒಂದು ವಿಚಿತ್ರ ಕಟ್ಟಳೆ ಇದೆ. ಪ್ರತಿ ಹಂತಕ್ಕೂ ಮೊದಲು, ಮೇಜು ಹಾಕಿಕೊಂಡು ಕೂತವರಿಗೆ ಗೊತ್ತುಮಾಡಿದ ನಿಮಿಷದಲ್ಲೇ ಹೊತ್ತು ಬರೆಸಿಕೊಳ್ಳಲು ನಮ್ಮ ಕಾರ್ಡು ಕೊಡಬೇಕು. ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡು ದಂಡ; ಒಂದು ನಿಮಿಷ ಮುಂಚೆ ಕೊಟ್ಟರೆ ಇಡೀ ನಿಮಿಷವೇ ದಂಡ. ಕೊನೆಯ ಹಂತಕ್ಕೆ ಮೊದಲು ನಾನು, ಯಜಮಾನರ ಮಾತು ಕಿವಿಗೆ ತಲುಪಿಸುವ ಹೆಲ್ಮೆಟ್ಟಿನ ವೈರು ಕಿತ್ತು ಇಳಿದೆ. ಮೂರು ದಿನದ ಬಿಸಿಲಿಗೆ ತಲೆ ಓಡುತ್ತಿರಲಿಲ್ಲ. ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವವನು ನಾನು. ಅದೇ ಚಾಳಿಯಲ್ಲಿ ಕಾರ್ಡು ಚಾಚಿಬಿಟ್ಟೆ. ಮೇಜಿನಾಕೆ ಗಡಿಯಾರ ನೋಡಿ, ನನ್ನ ಮುಖ ನೋಡಿ, ಬರೆದಳು. ಒಂದು ನಿಮಿಷ ಮುಂಚೆ. ಕೆಟ್ಟ ಮೇಲೆ ಬುದ್ಧಿ ಬಂತು.

ವಾಪಸು ಬಂದು ಕೂತಾಗ ಯಜಮಾನರು ಕೇಳಿದರು, "ಸರಿ ಆಯ್ತಾ?"

"ಹೂಂ ರೀ, ಬರೋಬ್ಬರಿ ಆತು."

ನಿಜ ಹೇಳಿದರೆ ಹುಚ್ಚುಹುಚ್ಚಾಗಿ ಓಡಿಸಿ ಕಾರು ಉರುಳಿಸಿಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೆಲ್ಲ ನೆಪ. ನನಗೆ ನಾಚಿಕೆಯಾಗಿತ್ತು, ಅಷ್ಟೆ. ಅವರು ಅವಸರವಿಲ್ಲದೆ ಓಡಿಸಿದರು. ನಾನು ಒಂದು ತಿರುವನ್ನೂ ಬಿಡದೆ ಓದಿದೆ.

ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ನಾವು ನಾಲ್ಕನೆಯವರು. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು, "ನಾನು ಒಳಗಿಂದ ಕೂಗಿದೆ ಮಾರಾಯ್ರೆ, ಇನ್ನೂ ಟೈಮ್ ಉಂಟು ಅಂತ. ನೀವು ವೈರು ಕಿತ್ತಿದ್ರಿ."

"ಗೊತ್ತಿದ್ದೂ ಮತ್ಯಾಕ ಕೇಳಿದ್ರಿ?"

"ನೀವೇ ಹೇಳ್ತೀರಿ ಅಂತ."

ಮರುದಿನ ಅವರ ಮನೆಯ ಕಾರಿನಲ್ಲಿ ವೇರೂಳ್ ದಾರಿಯಾಗಿ ಹಿಂದಿರುಗಿದೆವು. ಖುಲ್ತಾಬಾದ್‌ನಲ್ಲಿ ಚಹಾ ಕೊಡಿಸಿದರು, ನನ್ನ ಬೆನ್ನುನೋವು ವಿಚಾರಿಸಿದರು. ದೌಲತಾಬಾದ್‌ನಲ್ಲಿ ರಸ್ತೆ ಹಳೇ ಕೋಟೆಬಾಗಿಲಿನೊಳಗೆ ಹಾದುಹೋಗುತ್ತದೆ. ಒಂದು ಸಲಕ್ಕೆ ಒಂದೇ ಗಾಡಿ. ನಾನು ರೂಢಿಯಂತೆ ಕತ್ತು ಚಾಚಿ ನೋಡಿ ಹೇಳಿದೆ, "ಎದುರಿಗೆ ಯಾರೂ ಇಲ್ರಿ, ನಡೀರಿ."

ಅವರು ಬ್ರೇಕ್ ಹಾಕಿದರು. ಬಗ್ಗಿ, ತಾವೇ ನೋಡಿಕೊಂಡು, ಆಮೇಲೆ ಹೊರಟರು.